ಗಾಳಿ ಬಂದ ಮೇಲಿನ ಬಿಸಿಲು

2059ರ ಏಪ್ರಿಲ್ ತಿಂಗಳು. ಬೆಳಿಗ್ಗೆ ಆರೂವರೆ ಗಂಟೆಗೆ ಹೊಳೆಕಟ್ಟಾ ಉಪ್ಪಿನ ಆಗರದ ದಂಡೆಯ ಮೇಲೆ ನಲವತ್ತೆರಡು ಹೆಂಗಸರು ಸಾಲಾಗಿ ಕೂತು ಮೈಗೆ ನೆರಳು ಹಚ್ಚಿಕೊಳ್ಳುತ್ತಿದ್ದರು. ನೆರಳು ಹಚ್ಚಿಕೊಳ್ಳುವುದು ಅಂದರೇನು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೂರು ತಿಂಗಳಿಂದ ಅದು ಹಲ್ಲುಜ್ಜುವಷ್ಟೇ ಸಲೀಸಾದ ಕೆಲಸವಾಗಿತ್ತು. ಅಗಲ ಬಾಯಿಯ ಡಬ್ಬಿಯಿಂದ ನಸುಗೆಂಪು ಲೇಪವನ್ನು ಎರಡು ಬೆರಳಲ್ಲಿ ತೆಗೆದು ಹಣೆ, ಕೆನ್ನೆ, ತುಟಿ, ಕಿವಿಯ ಹಿಂಭಾಗ, ಕುತ್ತಿಗೆ, ಮೊಣಕೈವರೆಗಿನ ತೋಳು, ಪಾದ ಎಲ್ಲಕ್ಕೂ ಸವರಿಕೊಳ್ಳಬೇಕು. ಒಣಗಿದ ಮೇಲೆ ಬಣ್ಣ ಕಾಣುವುದಿಲ್ಲ. ಸೂರ್ಯ ಮೇಲೇರಿದ ಅರ್ಧ ಗಂಟೆಗೆ ಚರ್ಮದ ಮೇಲೆ ತೆಳುವಾದ ಹೊಳಪೊಂದು ಮೂಡುತ್ತದೆ. ಅದು ಮೂಡಿದರೆ ನೆರಳು ಕೆಲಸ ಶುರು ಮಾಡಿದೆ ಎಂದರ್ಥ.

ಡಬ್ಬಿಯ ಮೇಲೆ ‘ಮೈನೆರಳು’ ಎಂದು ಬರೆದಿತ್ತು. ಅದನ್ನು ಮಾಡಿದವರು ಧಾರವಾಡದ ಸಂಶೋಧನಾಲಯವೊಂದರ ಡಾ. ಅನ್ವಿತಾ ಕಮ್ಮಾರ. ಗದಗಿನವರು, ನಲವತ್ತನಾಲ್ಕು ವಯಸ್ಸು, ಮಾತು ಕಡಿಮೆ, ಹಟ ಜಾಸ್ತಿ. ಹನ್ನೆರಡು ವರ್ಷ ಈ ಒಂದೇ ಡಬ್ಬಿಯ ಬೆನ್ನು ಹತ್ತಿದ್ದರು.

ಉಪ್ಪಿನ ಆಗರ ನೋಡಿದವರಿಗೆ ಗೊತ್ತು. ಅಳಿವೆಯ ಉಪ್ಪುನೀರು ಒಂದು ಮಡಿಯಿಂದ ಇನ್ನೊಂದು ಮಡಿಗೆ ಇಳಿಯುತ್ತಾ, ಆರುತ್ತಾ, ದಪ್ಪವಾಗುತ್ತಾ ಬಂದು ಕೊನೆಯ ಮಡಿಯಲ್ಲಿ ಕೆಲವೊಮ್ಮೆ ಕುಂಕುಮ ಕದಡಿದ ಹಾಗೆ ಕೆಂಪಾಗುತ್ತದೆ. ಆ ಕೆಂಪು ಒಂದು ಸೂಕ್ಷ್ಮಜೀವಿಯದು. ಮರದ ನೆರಳು, ಮಾಡಿನ ನೆರಳು ಎರಡೂ ಇಲ್ಲದ ಜಾಗದಲ್ಲಿ ಹುಟ್ಟಿದ ಜೀವಿ ಅದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವಿದೆ, ನೇರಳಾತೀತ ಕಿರಣ. ಚರ್ಮದ ಜೀವಕೋಶಗಳನ್ನು ಒಳಗಿಂದೊಳಗೇ ಕೆಡಿಸುವುದು ಅದೇ. ಅದು ಬಿದ್ದೊಡನೆ ಈ ಜೀವಿ ಅದನ್ನು ಹೀರಿಕೊಳ್ಳುವ ಒಂದು ವಸ್ತುವನ್ನು ತನ್ನ ಸುತ್ತ ಕಟ್ಟಿಕೊಳ್ಳುತ್ತದೆ. ಆ ವಿದ್ಯೆ ಅದರ ವಂಶವಾಹಿಯಲ್ಲಿ ಬರೆದಿದೆ. ಅನ್ವಿತಾ ಆ ಬರಹವನ್ನು ಎತ್ತಿಕೊಂಡು, ಮನುಷ್ಯರ ಚರ್ಮದ ಮೇಲೆ ನಿರುಪದ್ರವಿಯಾಗಿ ಬದುಕುವ ಬೇರೊಂದು ಸೂಕ್ಷ್ಮಜೀವಿಗೆ ಅದನ್ನು ಕಲಿಸಿದ್ದರು. ಲೇಪದಲ್ಲಿ ಆ ಜೀವಿಯೂ ಇತ್ತು, ಅದರ ಬುತ್ತಿಯೂ ಇತ್ತು. ಬಿಸಿಲು ಬಿದ್ದಷ್ಟು ಹೊತ್ತು ಅದು ಬುತ್ತಿ ತಿಂದು ನೆರಳು ನೇಯುತ್ತದೆ, ಬುತ್ತಿ ಮುಗಿದರೆ ಕೈಕಟ್ಟಿ ಕೂರುತ್ತದೆ. ಬೆವರಿಗೆ ಕರಗುವುದಿಲ್ಲ, ಉಪ್ಪುನೀರಿಗೆ ಹೆದರುವುದಿಲ್ಲ.

“ನಮ್ಮನೆ ಕೆಂಪು ನೀರು ಧಾರವಾಡಕ್ಕೆ ಹೋಗಿ, ಡಿಗ್ರಿ ಮಾಡ್ಕಂಡು, ಡಬ್ಬಿ ಒಳಗೆ ಕೂತು ತಿರುಗಿ ಬಂತು ನೋಡಿ” ಎಂದು ಚೈತ್ರಕ್ಕ ಮೊದಲ ದಿನವೇ ಹೇಳಿದ್ದಳು. “ನಾವು ಮಾತ್ರ ಇಲ್ಲೇ ಉಳದ್ವು.”

ಚೈತ್ರಕ್ಕ ಆಗರದ ಹೆಂಗಸರ ಮುಂದಾಳು. ಐವತ್ತಾರು ವಯಸ್ಸು. ಆ ಕಾಲಕ್ಕೆ ಚೈತ್ರಾ, ಪೂಜಾ, ಐಶ್ವರ್ಯಾ ಎಲ್ಲ ಅಜ್ಜಿಯರ ಹೆಸರಾಗಿದ್ದವು. ಅವಳ ಕೆನ್ನೆಯ ಮೇಲೆ ಎರಡೂ ಕಡೆ ಬಂಗು ಹರಡಿತ್ತು, ಕೈಯ ಚರ್ಮ ಒಣಗಿದ ಕೆರೆಯ ತಳದ ಹಾಗೆ ಬಿರಿದಿತ್ತು. ಆದರೂ ಉದ್ದ ಹಿಡಿಯ ಹಲಗೆ ಹಿಡಿದು ಮಡಿಯಲ್ಲಿ ಉಪ್ಪು ಎಳೆಯಲು ನಿಂತಳೆಂದರೆ ಇಪ್ಪತ್ತರ ಹುಡುಗಿಯರು ಹಿಂದೆ ಬೀಳುತ್ತಿದ್ದರು.

ಮೈನೆರಳಿನ ಪ್ರಯೋಗಕ್ಕೆ ಹೊಳೆಕಟ್ಟಾವನ್ನು ಆರಿಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮೇಲಿನಿಂದ ಬೀಳುವ ಬಿಸಿಲು ಸಾಲದೆಂಬಂತೆ ಕೆಳಗಿನ ಬಿಳಿ ಉಪ್ಪೂ ನೀರೂ ಅದನ್ನು ಮುಖಕ್ಕೆ ತಿರುಗಿ ಎರಚುವ ಜಾಗ ಅದು. ಇಲ್ಲಿ ಗೆದ್ದರೆ ಎಲ್ಲಿಯೂ ಗೆಲ್ಲಬಹುದು. ರಾಜ್ಯದ ಪರಿಶೀಲನಾ ಸಮಿತಿ ಏಪ್ರಿಲ್ ಕೊನೆಗೆ ಸೇರುವುದಿತ್ತು. ಅದು ಒಪ್ಪಿದರೆ ರಸ್ತೆ ಕೆಲಸದವರಿಗೆ, ಕಲ್ಲು ಗಣಿಯವರಿಗೆ, ಮೀನುಗಾರರಿಗೆ, ಟ್ರಾಫಿಕ್ ಪೊಲೀಸರಿಗೆ, ಬಯಲಿನಲ್ಲಿ ದುಡಿಯುವ ಎಲ್ಲರಿಗೂ ಡಬ್ಬಿ ತಲುಪುತ್ತಿತ್ತು.

ಆ ನಲವತ್ತೆರಡು ಜನರಲ್ಲಿ ಡಬ್ಬಿಯನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಬಳಸುತ್ತಿದ್ದವಳು ಇಂಚರ. ಇಪ್ಪತ್ನಾಲ್ಕು ವರ್ಷದವಳು. ಒಂಬತ್ತನೆಯ ವಯಸ್ಸಿನಿಂದ ಅವಳ ಮೈಮೇಲೆ ತೊನ್ನಿನ ಬಿಳಿ ಕಲೆಗಳಿದ್ದವು: ಗಲ್ಲದ ಕೆಳಗೆ, ತುಟಿಯ ಸುತ್ತ, ಎರಡೂ ಮುಂಗೈಗಳ ಮೇಲೆ. ತೊನ್ನು ಅಂಟುವ ರೋಗವಲ್ಲ, ನೋವೂ ಕೊಡುವುದಿಲ್ಲ. ಆ ಜಾಗದ ಚರ್ಮ ಬಣ್ಣ ಮಾಡುವುದನ್ನು ನಿಲ್ಲಿಸಿರುತ್ತದೆ, ಅಷ್ಟೆ. ಆದರೆ ಬಣ್ಣವೇ ಚರ್ಮದ ಸ್ವಂತ ಕೊಡೆ. ಅದಿಲ್ಲದ ಕಡೆ ಬಿಸಿಲು ನೇರ ಒಳಗಿಳಿಯುತ್ತದೆ. ಬಿಸಿಲಿಗೆ ಹೋಗಲೇಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಆಗರದವರ ಮನೆಯಲ್ಲಿ ಹುಟ್ಟಿಯೂ ಅವಳು ಎಂಟು ವರ್ಷ ಶೆಡ್ಡಿನೊಳಗೆ ಕೂತು ಉಪ್ಪಿನ ಚೀಲಗಳ ಬಾಯಿ ಹೊಲಿದಿದ್ದಳು. ಹೊರಗೆ ಹೆಂಗಸರು ಹಲಗೆ ಎಳೆಯುತ್ತಾ ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುವುದು ತಗಡಿನ ಗೋಡೆಯಾಚೆ ಕೇಳುತ್ತಿತ್ತು. ಆ ನಗುವಿನಲ್ಲಿ ತಾನೂ ಇರಬೇಕೆಂಬುದು ಅವಳ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಅವಳಿಗೆ ಇದ್ದದ್ದು ಅದೊಂದೇ.

ಮೈನೆರಳು ಬಂದ ಮೇಲೆ ಉಪ್ಪಿನ ಸೊಸೈಟಿಯವರು ಪ್ರಯೋಗ ಮುಗಿಯುವ ತನಕ ಎಂದು ಹೇಳಿ ಅವಳನ್ನು ಮಡಿಗೆ ಬಿಟ್ಟಿದ್ದರು. ಪ್ರಯೋಗ ಗೆದ್ದರೆ ಅಲ್ಲೇ ಕಾಯಂ. ಸೋತರೆ ಮತ್ತೆ ಶೆಡ್ಡು.

ಸಮಿತಿ ಸೇರಲು ಇನ್ನು ಒಂಬತ್ತು ದಿನವಿದೆ ಎನ್ನುವಾಗ, ಸಂಜೆ ನಾಲ್ಕರ ಹೊತ್ತಿಗೆ, ಇಂಚರ ಸೊಸೈಟಿ ಕಟ್ಟಡದಲ್ಲಿದ್ದ ಅನ್ವಿತಾರ ಕೋಣೆಗೆ ಬಂದಳು. ಅಂಗಿಯ ತೋಳು ಮಡಚಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಮುಂಗೈಯ ಬಿಳಿ ಕಲೆಗಳು ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿದ್ದವು. ಬಲಗೈಯಲ್ಲಿ ನೀರು ತುಂಬಿದ ಎರಡು ಗುಳ್ಳೆಗಳು ಎದ್ದಿದ್ದವು.

“ಎಷ್ಟು ದಿನದಿಂದ ಹಿಂಗಾಗೇತಿ?” ಅನ್ವಿತಾ ಕೇಳಿದರು.

“ಆರು ದಿನ ಆಯ್ತು ಅಕ್ಕೋರೆ. ಮೊದ್ಲು ಬರೀ ಕೆಂಪಾಗ್ತಿತ್ತು. ಹೇಳಿದ್ರೆ ಶೆಡ್ಡಿಗೆ ಕಳಿಸ್ತ್ರಿ ಅಂತ ಸುಮ್ನಿದ್ದೆ. ಇವತ್ತು ಹಲಗೆ ಹಿಡಿಯೂಕೆ ಆಗ್ಲಿಲ್ಲ.”

ಆ ಊರಿನಲ್ಲಿ ಕಲಿತ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ವಾಡಿಕೆ. ಶಾಲೆಯ ಟೀಚರಿಂದ ಹಿಡಿದು ವಿಜ್ಞಾನಿಯವರೆಗೆ ಎಲ್ಲರಿಗೂ ಅದೇ ಹೆಸರು.

“ಸರಿಯಾಗಿ ಹಚ್ಚಿಕೊಂಡಿದ್ದೆ ಹೌದಿಲ್ಲ? ಎಲ್ಲೂ ಬಿಟ್ಟಿಲ್ಲ?”

“ನಾ ಸುಳ್ಳು ಹೇಳೂದಿಲ್ಲ. ನೀವು ಹೇಳ್ದಂಗೇ ಹಚ್ಚಿದ್ದೆ. ಬೇಕಾದ್ರೆ ನಾಳೆ ನೀವೇ ಬಂದು ನನ್ನ ಹತ್ರ ನಿಲ್ಲಿ.”

ಅನ್ವಿತಾ ಗುಳ್ಳೆಗಳಿಗೆ ಮುಲಾಮು ಹಚ್ಚಿ, ಬಟ್ಟೆ ಸುತ್ತಿ ಕಳಿಸಿದರು. ಉಳಿದ ನಲವತ್ತೊಂದು ಜನರ ವರದಿಗಳನ್ನು ತೆರೆದು ನೋಡಿದರು. ಒಬ್ಬರಿಗೂ ಏನೂ ಆಗಿರಲಿಲ್ಲ. ಧಾರವಾಡಕ್ಕೆ ಫೋನ್ ಮಾಡಿ ನಿರ್ದೇಶಕ ಡಾ. ರೋಹನ್ ಮಣ್ಣೂರರಿಗೆ ವಿಷಯ ತಿಳಿಸಿದರು.

ರೋಹನ್ ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. “ನಲವತ್ತೊಂದು ಜನರ ಚರ್ಮ ಚೆನ್ನಾಗಿದೆ. ಈ ಹುಡುಗಿಗೆ ಮೊದಲಿನಿಂದಲೇ ತೊನ್ನಿದೆ. ಅವಳನ್ನು ಪ್ರಯೋಗಕ್ಕೆ ಸೇರಿಸಿಕೊಂಡದ್ದೇ ನಮ್ಮ ಉದಾರತನ. ಈಗ ಕೈಬಿಡೋಣ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ ಅನ್ವಿತಾ, ಇದೇನು ಕಳ್ಳತನ ಅಲ್ಲ.”

“ವಿಚಾರ ಮಾಡ್ತೀನಿ ಸರ್” ಎಂದರು ಅನ್ವಿತಾ.

ಸುಳ್ಳು ಯಾಕೆ ಹೇಳಬೇಕು, ಅವರಿಗೂ ಆಸೆಯಾಯಿತು. ಹನ್ನೆರಡು ವರ್ಷ ಅಂದರೆ ಒಂದು ಮಗು ಹುಟ್ಟಿ ಹೈಸ್ಕೂಲಿಗೆ ಹೋಗುವಷ್ಟು ಕಾಲ. ಒಂದು ಹೆಸರನ್ನು ಪಟ್ಟಿಯಿಂದ ಅಳಿಸಲು ಒಂದು ಕ್ಷಣ ಸಾಕು. ಆದರೆ ಲೆಕ್ಕ ಅವರನ್ನು ಕುಟುಕುತ್ತಿತ್ತು. ಲೇಪದಲ್ಲಿದ್ದದ್ದು ನಾಲ್ಕು ತಾಸಿನ ಜೋರು ಬಿಸಿಲಿಗೆ ಸಾಲುವಷ್ಟು ಬುತ್ತಿ. ಪ್ರಯೋಗಕ್ಕೆ ಮೊದಲು ಎಲ್ಲ ಹೆಂಗಸರನ್ನೂ ಕೂರಿಸಿಕೊಂಡು “ದಿನಕ್ಕೆ ಎಷ್ಟು ತಾಸು ಬಿಸಿಲಿನಲ್ಲಿ ಇರುತ್ತೀರಿ?” ಎಂದು ಕೇಳಿ ಬರೆದುಕೊಂಡಿದ್ದರು. ಎರಡು ತಾಸು, ಎರಡೂವರೆ ತಾಸು ಎಂದಿದ್ದರು ಎಲ್ಲರೂ. ಎರಡೂವರೆಗೆ ನಾಲ್ಕರ ಬುತ್ತಿ ಕಟ್ಟಿದ ಮೇಲೂ ನೆರಳು ಸೋರುವುದು ಹೇಗೆ? ಬುತ್ತಿಯನ್ನು ಅದಕ್ಕಿಂತ ಹೆಚ್ಚಿಸುವ ಹಾಗೂ ಇರಲಿಲ್ಲ. ಹೆಚ್ಚಾದರೆ ಜೀವಿಗಳು ಕೊಬ್ಬಿ ಮೈಯೆಲ್ಲ ತುರಿಕೆ ಹಿಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ನೇರಳಾತೀತ ಕಿರಣ ಅಳೆಯುವ ಅಂಗೈಯಗಲದ ಒಂದು ಮಾಪಕ ಹಿಡಿದುಕೊಂಡು ಮಡಿಯ ದಂಡೆಗೆ ಹೋದರು. ಇಂಚರ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದಿದ್ದಳು. ಹಲಗೆ ಹಿಡಿಯಲಾಗದಿದ್ದರೂ ಶೆಡ್ಡಿಗೆ ಹೋಗಲು ಒಪ್ಪದೆ ಕೊಡೆ ಹಿಡಿದು ಅನ್ವಿತಾರ ಪಕ್ಕ ನಿಂತಳು.

ಏಳು ಗಂಟೆಗೆ ಮಾಪಕದ ಅಂಕಿ ಒಂದರ ಆಸುಪಾಸಿನಲ್ಲಿತ್ತು. ಒಂಬತ್ತಕ್ಕೆ ನಾಲ್ಕಾಯಿತು. ಹತ್ತೂವರೆಯಾಗುವಷ್ಟರಲ್ಲಿ ಗಾಳಿ ನಿಂತು, ಕಾದ ಹೆಂಚಿನ ಮೇಲೆ ನಿಂತಂತಾಗಿ, ಹೆಂಗಸರು ತಲೆಗೆ ಕಟ್ಟಿದ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಂಡರು. ಮಾತು ನಿಂತಿತು. “ಎಂತಾ ಬಿಸ್ಲು ಮಾರಾಯ್ತಿ” ಎಂದು ಒಬ್ಬಳು ನಿಟ್ಟುಸಿರು ಬಿಟ್ಟಳು. ಅನ್ವಿತಾ ನೋಡಿದರು, ಒಂಬತ್ತು. ಲೆಕ್ಕ ಸರಿಯಾಗಿಯೇ ಹೋಗುತ್ತಿತ್ತು.

ಹನ್ನೆರಡೂ ಮುಕ್ಕಾಲಿಗೆ ಪಡುವಣ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಮೊದಲು ನೀರಿನ ಮೇಲೆ ಸಣ್ಣ ಸುಕ್ಕು, ಆಮೇಲೆ ಸೀರೆಯ ಸೆರಗು ಪಟಪಟ. ಚೈತ್ರಕ್ಕ ಹಲಗೆ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು.

“ಅಬ್ಬಾ, ಬಿಸ್ಲು ಇಳೀತು” ಎಂದು ತಲೆಯ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿದಳು.

ಒಬ್ಬೊಬ್ಬರಾಗಿ ಎಲ್ಲರೂ ಬಟ್ಟೆ ಬಿಚ್ಚಿದರು. ಇಟ್ಟುಕೊಂಡರೂ ಆ ಗಾಳಿ ಅದನ್ನು ಬಿಡುತ್ತಿರಲಿಲ್ಲ. ಅಂಗಿಯ ತೋಳುಗಳು ಮೇಲೇರಿದವು, ನಿಂತ ಮಾತು ಮತ್ತೆ ಶುರುವಾಯಿತು. ಅನ್ವಿತಾರ ಬೆನ್ನಿನ ಬೆವರೂ ಆರಿ, ಹಿತವೆನಿಸಿ, ಅವರೂ ದುಪಟ್ಟಾ ಸರಿಸಿದರು. ಆಮೇಲೆ ಮಾಪಕದ ಅಂಕಿ ನೋಡಿದರು. ಹನ್ನೆರಡೂವರೆ.

ಕೆಟ್ಟಿದೆ ಎಂದುಕೊಂಡು ಆರಿಸಿ ಮತ್ತೆ ಹಾಕಿದರು. ಹನ್ನೆರಡೂವರೆ. ಹನ್ನೊಂದು ದಾಟಿದರೆ ಅದಕ್ಕಿಂತ ಅಪಾಯದ ಮೆಟ್ಟಿಲು ಬೇರೆ ಇಲ್ಲ. ಮಾಪಕವನ್ನು ಬೋರಲು ಮಾಡಿ ಉಪ್ಪಿನ ಕಡೆಗೆ ಹಿಡಿದರು. ಕೆಳಗಿನಿಂದಲೇ ಮೂರು ಬರುತ್ತಿತ್ತು. ಅದು ನೇರ ಗಲ್ಲದ ಅಡಿಗೆ, ತುಟಿಗೆ, ಹುಬ್ಬಿನ ಕೆಳಗೆ ಬಡಿಯುವ ಬೆಳಕು.

“ಚೈತ್ರಕ್ಕಾ” ಎಂದು ಕರೆದರು. “ದಿನಕ್ಕ ಎರಡು ತಾಸು ಬಿಸಿಲಾಗ ಇರ್ತೀವಿ ಅಂತ ನೀವು ಬರೆಸಿದ್ರಲ್ಲ, ಆ ಎರಡು ತಾಸು ಯಾವುವು?”

“ಮತ್ಯಾವ್ದು? ಹತ್ತೂವರೆಯಿಂದ ಗಾಳಿ ಬರೂ ತನ್ಕ.”

“ಗಾಳಿ ಬಂದ ಮ್ಯಾಲೆ?”

“ಗಾಳಿ ಬಂದ್ಮೇಲೆ ಎಂತಾ ಬಿಸ್ಲು ಅಕ್ಕೋರೆ? ಅದು ಬರೀ ಬೆಳಕು.”

ಅನ್ವಿತಾ ದಂಡೆಯ ಮೇಲೆ ಕೂತು ಮಾಪಕದ ಅಂಕಿಯನ್ನು ಗಂಟೆಯ ಜೊತೆ ಬರೆದುಕೊಂಡರು.

ಹೆಂಗಸರು ತಪ್ಪು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರು. ತಪ್ಪಿದ್ದದ್ದು ಪ್ರಶ್ನೆಯಲ್ಲಿ, ಅದರೊಳಗಿನ ಒಂದೇ ಪದದಲ್ಲಿ. ಬಿಸಿಲು ಅನ್ನುವ ಮಾತಿನ ಹೊಟ್ಟೆಯಲ್ಲೇ ಬಿಸಿ ಕೂತಿದೆ. ಮೈ ಸುಟ್ಟರೆ ಬಿಸಿಲು, ಸುಡದಿದ್ದರೆ ಬೆಳಕು. ಆದರೆ ನಮ್ಮ ಚರ್ಮದಲ್ಲಿ ಬಿಸಿ ತಿಳಿಯುವ ನರಗಳಿವೆಯೇ ಹೊರತು ನೇರಳಾತೀತ ಕಿರಣ ತಿಳಿಯುವ ನರ ಒಂದೂ ಇಲ್ಲ. ಬಿಸಿ ತರುವುದು ಸೂರ್ಯನ ಬೇರೆ ಕಿರಣಗಳು. ಗಾಳಿ ಬೀಸಿದರೆ ಆ ಬಿಸಿ ಹಾರಿಹೋಗುತ್ತದೆ, ನೇರಳಾತೀತ ಕಿರಣವನ್ನು ಯಾವ ಗಾಳಿಯೂ ಹಾರಿಸಲಾರದು. ಕರಾವಳಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುವ ಹೊತ್ತಿಗೇ ಸಮುದ್ರದ ಗಾಳಿ ಬಂದು, ಬಿಸಿಲು ಇಳಿಯಿತೆಂದು ಬೆನ್ನು ತಟ್ಟುತ್ತದೆ.

ಅನ್ವಿತಾ ಗದಗಿನಲ್ಲಿ ಬೆಳೆದವರು. ಅಲ್ಲಿ ಬೇಸಿಗೆಯ ಗಾಳಿಯೂ ಕುಲುಮೆಯ ಬಾಯಿಯಿಂದ ಬಂದ ಹಾಗಿರುತ್ತದೆ. ಬಿಸಿ, ಬೆಳಕು ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಊರು. ಆ ಪದ ಇನ್ನೊಂದು ಊರಿನಲ್ಲಿ ಬೇರೆ ಅಳತೆಯದಾಗಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಸೊಸೈಟಿ ಮಾಡಿನ ಮೇಲಿದ್ದ ದೊಡ್ಡ ಮಾಪಕ ಪ್ರತಿ ಮಧ್ಯಾಹ್ನವೂ ಹನ್ನೆರಡನ್ನು ಬರೆದುಕೊಳ್ಳುತ್ತಲೇ ಇತ್ತು. ಹೆಂಗಸರು ಬಿಸಿಲಿನಲ್ಲಿಲ್ಲದ ಹೊತ್ತು ಎಂದು ಆ ಅಂಕಿಗಳನ್ನು ಲೆಕ್ಕದಿಂದ ತೆಗೆದವರು ಅನ್ವಿತಾರೇ.

ಬೆಳಿಗ್ಗೆ ಹಚ್ಚಿದ ಬುತ್ತಿ ಮಧ್ಯಾಹ್ನ ಹನ್ನೆರಡೂವರೆಗೆ ಖಾಲಿ. ಅಲ್ಲಿಂದ ನಾಲ್ಕರವರೆಗೆ ನಲವತ್ತೆರಡು ಜನವೂ ನೆರಳಿಲ್ಲದೆ, ನೆರಳಿದೆ ಎಂಬ ಧೈರ್ಯದಲ್ಲಿ, ತಲೆಯ ಬಟ್ಟೆಯನ್ನೂ ಬಿಚ್ಚಿಟ್ಟು ನಿಂತಿರುತ್ತಿದ್ದರು. ಏಪ್ರಿಲ್‌ನಲ್ಲಿ ಸೂರ್ಯ ನೇರ ನೆತ್ತಿಗೆ ಬಂದ ಮೇಲೆ ಇಂಚರಳ ಕೈ ಅದನ್ನು ತೋರಿಸಿಕೊಟ್ಟಿತ್ತು.

ಅಂದೇ ಸಂಜೆ ಅನ್ವಿತಾ ರೋಹನ್‌ಗೆ ಮತ್ತೆ ಫೋನ್ ಮಾಡಿದರು. “ಸರ್, ಒಬ್ಬಳ ಮೈಮೇಲೆ ಸೋತಿದ್ದಲ್ಲ ಇದು. ನಲವತ್ತೆರಡೂ ಜನರ ಮೈಮೇಲೆ ಸೋತಿದೆ. ನಲವತ್ತೊಂದು ಜನರ ಚರ್ಮ ಇನ್ನೂ ಬಾಯಿ ಬಿಟ್ಟಿಲ್ಲ, ಅಷ್ಟೆ.”

“ಇದನ್ನು ಸಮಿತಿ ಮುಂದೆ ಹೇಳಿದರೆ ಏನಾಗುತ್ತೆ ಗೊತ್ತಾ?”

“ಗೊತ್ತು. ಈ ವರ್ಷ ಪಾಸಾಗೋದಿಲ್ಲ.”

“ಮುಂದಿನ ವರ್ಷ ನಮಗೆ ಅವಕಾಶ ಕೊಡ್ತಾರೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸರ್. ಆದರೂ ಹೇಳ್ತೀನಿ.”

ಕೊನೆಗೆ ರೋಹನ್ “ಹಾಗಾದರೆ ಗಟ್ಟಿಯಾದ ಸಾಕ್ಷಿ ತಗೊಂಡು ಹೇಳಿ. ಬಾಯಿಮಾತಿನಲ್ಲಿ ಬೇಡ” ಎಂದು ಫೋನ್ ಇಟ್ಟರು.

ಸಾಕ್ಷಿ ಅಂದರೆ ಇಂಚರಳ ಕೈ. ಅದನ್ನು ಕೇಳಲು ಹೋಗುವಾಗ ಅನ್ವಿತಾರ ಕಾಲು ಹಿಂದೆ ಎಳೆಯಿತು. ಇಂಚರ ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ ಕೂತಿದ್ದಳು. ಅನ್ವಿತಾ ಏನನ್ನೂ ಮುಚ್ಚಿಡಲಿಲ್ಲ.

“ನಿನ್ನ ಕೈ ತೋರಿಸಿದರ ಮೈನೆರಳು ನಿಲ್ತೈತಿ. ನೀನು ಒಳಗ ಹೋಗಬೇಕಾಗ್ತೈತಿ ಇಂಚರಾ. ಎಷ್ಟು ದಿನ ಅಂತ ನಾನು ಹೇಳಲಾರೆ.”

“ತೋರಿಸ್ದೇ ಇದ್ರೆ?”

“ಪಾಸಾಗ್ತೈತಿ. ನಿನಗಷ್ಟ ಬ್ಯಾರೆ ಏನರ ವ್ಯವಸ್ಥಾ ಮಾಡಬಹುದು. ಮಧ್ಯಾಹ್ನ ಇನ್ನೊಮ್ಮೆ ತೊಳೆದು ಹಚ್ಚೋದು, ಹಂಗೇನರ.”

“ಉಳದವ್ರಿಗೆ?”

“ಅವರಿಗೆ ಈಗ ಏನೂ ಗೊತ್ತಾಗೋದಿಲ್ಲ.”

“ಯಾವಾಗ ಗೊತ್ತಾಗೂದು?”

“ಹತ್ತು ವರ್ಷ, ಇಪ್ಪತ್ತು ವರ್ಷ ಬಿಟ್ಟು. ಕೆಲವರಿಗೆ ಬರೇ ಬಂಗು, ಸುಕ್ಕು. ಕೆಲವರಿಗೆ ಕಣ್ಣಾಗ ಪೊರೆ. ಒಬ್ಬಿಬ್ಬರಿಗೆ ಕ್ಯಾನ್ಸರಿನ ಗಂಟು.”

ಇಂಚರ ಮಡಿಗಳ ಕಡೆ ನೋಡಿದಳು. ಚೈತ್ರಕ್ಕನ ಜೋರು ದನಿ ಅಲ್ಲಿಂದ ಕೇಳುತ್ತಿತ್ತು, ಯಾರಿಗೋ ಹಲಗೆ ಹಿಡಿಯುವುದು ಕಲಿಸುತ್ತಾ ಬೈಯುತ್ತಿದ್ದಳು. ಇಂಚರಳ ಕಣ್ಣು ತುಂಬಿ ಬಂತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ, ಅನ್ವಿತಾರಿಂದ ಮರೆಮಾಚಲೂ ಇಲ್ಲ.

“ಹಂಗಾರೆ ನಾನೇ ಹೇಳ್ತೆ” ಎಂದಳು. “ಫೋಟೊ ಕಳಿಸೂದು ಬೇಡ. ನಾನೇ ಕೂತ್ಕಂಡು ಹೇಳ್ತೆ.”

ಸಮಿತಿಯ ಸಭೆ ಪರದೆಯ ಮೇಲೆ ನಡೆಯಿತು. ಸೊಸೈಟಿಯ ಕೋಣೆಯಲ್ಲಿ ಅನ್ವಿತಾ ಎಂಟು ದಿನದ ಅಳತೆಗಳನ್ನು ಮುಂದಿಟ್ಟರು, ತಮ್ಮ ಪ್ರಶ್ನೆಯೇ ತಪ್ಪಾಗಿತ್ತು ಎಂದು ಸುತ್ತುಬಳಸದೆ ಹೇಳಿದರು. ಆಮೇಲೆ ಇಂಚರ ಕುರ್ಚಿ ಮುಂದೆ ಎಳೆದುಕೊಂಡು ಕೂತು ಕೈ ತೋರಿಸಿದಳು. ಗುಳ್ಳೆಗಳು ಒಡೆದು ಸಿಪ್ಪೆ ಏಳುತ್ತಿದ್ದವು.

ಸಮಿತಿಯಲ್ಲಿ ಒಬ್ಬ ಹಿರಿಯ ಚರ್ಮತಜ್ಞರಿದ್ದರು. ಅವರು ಮೆತ್ತಗೆ ಕೇಳಿದರು: “ನೋಡಮ್ಮ, ನಿನಗೆ ತೊನ್ನು ಇರುವುದರಿಂದ ಹೀಗಾಯಿತು ಅಲ್ಲವೇ? ಬೇರೆಯವರಿಗೆ ಏನೂ ಆಗಿಲ್ಲವಲ್ಲ.”

“ಹೌದು ಸಾರ್” ಎಂದಳು ಇಂಚರ. “ನನ್ನ ಮೈ ಅವತ್ತಿಂದು ಅವತ್ತೇ ಹೇಳ್ತದೆ. ಅವ್ರ ಮೈ ತಡ ಮಾಡಿ ಹೇಳ್ತದೆ. ಹೇಳೂದು ಒಂದೇ ಮಾತು.”

ತಜ್ಞರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮೈನೆರಳು ಆ ವರ್ಷ ಪಾಸಾಗಲಿಲ್ಲ. ಆದರೆ ಸಮಿತಿ ಬಾಗಿಲನ್ನೂ ಮುಚ್ಚಲಿಲ್ಲ. ಇನ್ನೊಂದು ವರ್ಷ ಕೊಟ್ಟು, ದಿನವಿಡೀ ಸಾಲುವ ನೆರಳನ್ನು ತೋರಿಸಿ ಎಂದಿತು. ಸೋಮವಾರ ಬೆಳಿಗ್ಗೆ ಇಂಚರ ಶೆಡ್ಡಿಗೆ ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತು ಚೀಲದ ಬಾಯಿ ಹೊಲಿಯತೊಡಗಿದಳು. ಚೈತ್ರಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಆಮೇಲೆ ಮಡಿಗೆ ಹೋದಳು.

ಅಂದು ಮಧ್ಯಾಹ್ನ ಗಾಳಿ ಬಂದಿತು. ಚೈತ್ರಕ್ಕ ಹಲಗೆಯನ್ನು ದಂಡೆಗೆ ಒರಗಿಸಿ “ಎಲ್ಲ ಒಳಗೆ ನಡೀರಿ” ಎಂದಳು.

“ಗಾಳಿ ಬಂದಾಗ್ಲೇ ಒಳಗೆ ಹೋಗೂದಾ? ಮೈ ತಂಪಾಗೂ ಹೊತ್ತು ಅದೊಂದೇ ಅಲ್ದಾ?” ಎಂದು ಒಬ್ಬಳು ಗೊಣಗಿದಳು. ಅವಳು ಹೇಳಿದ್ದೂ ನಿಜ. ಹಿತವಾಗಿ ಕೆಲಸ ಮಾಡಬಹುದಾದ ಹೊತ್ತನ್ನು ಬಿಡು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

“ತಂಪಾಗೂದು ಮೈಯ ಮೇಲೆ ಮಾತ್ರ. ಒಳಗೆ ಎಂತ ಆಗ್ತದೆ ಅಂತ ಆ ಹುಡ್ಗಿ ಕೈ ನೋಡಿ ಬಾ, ಆಮೇಲೆ ಮಾತಾಡು.”

ವಾರದೊಳಗೆ ಆಗರದ ವೇಳೆ ಬದಲಾಯಿತು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಇಳಿದು ಒಂಬತ್ತೂವರೆಗೆ ಏಳುವುದು, ನಾಲ್ಕಕ್ಕೆ ಮತ್ತೆ ಇಳಿದು ಕತ್ತಲಾಗುವ ತನಕ ಎಳೆಯುವುದು. ಮಧ್ಯದ ಹೊತ್ತು ಗಾಳಿಯೂ ಸೂರ್ಯನೂ ಸೇರಿ ಉಪ್ಪು ಹೆಪ್ಪುಗಟ್ಟಿಸಲಿ, ಅದಕ್ಕೆ ಹೆಂಗಸರು ಎದುರು ನಿಲ್ಲಬೇಕಾಗಿಲ್ಲ ಎಂದು ಚೈತ್ರಕ್ಕ ಸೊಸೈಟಿಯವರೊಡನೆ ಜಗಳವಾಡಿ ಒಪ್ಪಿಸಿದಳು. ಸೊಂಟ ನೋಯುತ್ತದೆ, ದಿನ ಎರಡು ತುಂಡಾಗುತ್ತದೆ ಎಂಬ ದೂರು ಮೇ ಕೊನೆಯವರೆಗೂ ಇತ್ತು. ಆದರೂ ಯಾರೂ ಹಳೆಯ ವೇಳೆಗೆ ಮರಳಲಿಲ್ಲ.

ಅನ್ವಿತಾ ಮಳೆಗಾಲವಿಡೀ ಧಾರವಾಡದಲ್ಲಿ ದುಡಿದರು. ಬುತ್ತಿಯನ್ನು ಹೆಚ್ಚಿಸಲಿಲ್ಲ. ಸಾಬೂದಾಣಿಗಿಂತ ಸಣ್ಣದಾದ ಕಾಳುಗಳಲ್ಲಿ ಅದನ್ನು ಕಟ್ಟಿ, ಹೊತ್ತೇರಿದಂತೆ ಒಂದೊಂದೇ ಕಾಳು ಒಡೆಯುವ ಹಾಗೆ ಮಾಡಿದರು. ಒಂಬತ್ತು ತಾಸಿಗೆ ನೆರಳು ಸಾಲುವಂತಾಯಿತು. ಆದರೆ ಅದಕ್ಕಿಂತ ಹೆಚ್ಚು ದಿನ ಅವರು ಕೂತದ್ದು ಪ್ರಶ್ನೆಪತ್ರದ ಮೇಲೆ. ಅದರಲ್ಲಿ ಬಿಸಿಲು ಎಂಬ ಪದ ಎಲ್ಲಿಯೂ ಬರಲಿಲ್ಲ. ಮನೆಯ ಮಾಡಿನಿಂದ ಎಷ್ಟು ಗಂಟೆಗೆ ಹೊರಗೆ ಬರುತ್ತೀರಿ, ಎಷ್ಟಕ್ಕೆ ಒಳಗೆ ಹೋಗುತ್ತೀರಿ ಎಂದಷ್ಟೇ ಇತ್ತು. ಆ ಪತ್ರ ರಾಜ್ಯವಿಡೀ ಓಡಾಡಿತು. ಮೋಡದಡಿ ಎಲೆ ಕೀಳುವ ಚಹಾ ತೋಟದ ಹೆಂಗಸರು, ಬಸ್ಸಿನ ಕಿಟಕಿಗೆ ಒಂದೇ ತೋಳು ಒಡ್ಡಿ ವರ್ಷಗಟ್ಟಲೆ ಕೂತ ಚಾಲಕರು, ದೋಣಿಯಲ್ಲಿ ತಂಪಾಗಿ ತೇಲುವ ಮೀನುಗಾರರು, ಮೈದಾನದಲ್ಲಿ ಆಡುವ ಮಕ್ಕಳು, ಎಲ್ಲರೂ ಹಿಂದಿನ ಪ್ರಶ್ನೆ ಕೇಳಿದರೆ ಒಂದು ತಾಸು, ಅರ್ಧ ತಾಸು, ‘ನಮ್ಮಲ್ಲಿ ಬಿಸಿಲೇ ಇಲ್ಲ’ ಎನ್ನುವವರು. ಹೊಸ ಪ್ರಶ್ನೆಗೆ ಆರು, ಎಂಟು, ಹತ್ತು ಎಂದರು. ಸರ್ಕಾರ ಸಂಜೆಯ ಹವಾಮಾನ ವರದಿಯಲ್ಲಿ ಎರಡು ಅಂಕಿ ಓದಬೇಕೆಂದು ಆಜ್ಞೆ ಹೊರಡಿಸಿತು. ಒಂದು ಬಿಸಿಯದು, ಇನ್ನೊಂದು ಬೆಳಕಿನದು.

2060ರ ಜನವರಿಯಲ್ಲಿ ಆಗರದ ಕೆಲಸ ಮತ್ತೆ ಶುರುವಾಯಿತು. ಸೊಸೈಟಿಯ ಗೋಡೆಗೆ ಬೆಳಕಿನ ಅಂಕಿ ತೋರಿಸುವ ದೊಡ್ಡ ಫಲಕ ತೂಗುಹಾಕಿದ್ದರು. ಇಂಚರ ಎರಡನೆಯ ಪ್ರಯೋಗದ ಹೊಸ ಡಬ್ಬಿಯ ಲೇಪ ಹಚ್ಚಿಕೊಂಡು, ಹಲಗೆ ಹೆಗಲಿಗಿಟ್ಟು ಹೊರಟಿದ್ದಳು. ಅವಳನ್ನು ಮೊದಲ ದಿನ ಮಡಿಗೆ ಇಳಿಸಲೆಂದೇ ಅನ್ವಿತಾ ಬಂದಿದ್ದರು. ಇಂಚರ ಫಲಕದ ಮುಂದೆ ನಿಂತು ನೋಡಿ ಕೇಳಿದಳು:

“ಈ ಅಂಕಿ ಕಂಡುಹಿಡದದ್ದೂ ನೀವೇಯಾ ಅಕ್ಕೋರೆ?”

“ಅಲ್ಲವ್ವಾ. ಇದು ಭಾಳ ಹಳೇದು. ನಾ ಹುಟ್ಟೋಕಿಂತ ಮೊದಲಿಂದ ಐತಿ.”

“ಹಳೇದಾ?” ಎಂದಳು ಪಕ್ಕದಲ್ಲೇ ಇದ್ದ ಚೈತ್ರಕ್ಕ. “ಮತ್ತೆ ನಾವು ನೋಡ್ಲೇ ಇಲ್ಲ?”

“ನೋಡಿರಲಿಕ್ಕಿಲ್ಲ. ಆದರ ಎಲ್ಲರ ಕೈಯಾಗೂ ಇತ್ತು. ನಾ ಸಣ್ಣಾಕಿ ಇದ್ದಾಗಿನ ಫೋನುಗಳಾಗ ಹವಾಮಾನದ ಪುಟ ಅಂತ ಇರ್ತಿತ್ತು. ಮ್ಯಾಲೆ ಬಿಸಿ ಎಷ್ಟು, ಮಳಿ ಐತೋ ಇಲ್ಲೋ. ಬೆರಳಿಂದ ಸ್ವಲ್ಪ ಕೆಳಗ ಸರಿಸಿದರ ಯುವಿ ಇಂಡೆಕ್ಸ್ ಅಂತ ಇದ ಅಂಕಿ. ಹನ್ನೊಂದು, ಹನ್ನೆರಡು ಅಂತ ದಿನಾ ತೋರಸ್ತಿತ್ತು.”

ಚೈತ್ರಕ್ಕ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. ಅವಳ ತಾಯಿ ಮಾದೇವಿ ಮೂವತ್ತು ವರ್ಷ ಇದೇ ಆಗರದಲ್ಲಿ ಉಪ್ಪು ಎಳೆದವಳು. ಕೆಳತುಟಿಯಲ್ಲಿ ಎದ್ದ ಒಂದು ಸಣ್ಣ ಗಾಯ ವಾಸಿಯಾಗದೆ, ತುಟಿ ಹೋಗಿ, ಗಂಟಲಿಗಿಳಿದು, ಅರವತ್ತೊಂದಕ್ಕೆ ತೀರಿಕೊಂಡಿದ್ದಳು. ಎಲೆ ಅಡಿಕೆಯಿಂದ ಎಂದು ಊರು ಮಾತಾಡಿಕೊಂಡಿತ್ತು. ಮಾದೇವಿ ಎಲೆ ಅಡಿಕೆ ಮುಟ್ಟಿದವಳಲ್ಲ.

“ಅಮ್ಮನ ಹತ್ರ ಫೋನ್ ಇತ್ತು” ಎಂದಳು ಚೈತ್ರಕ್ಕ. “ಗಾಳಿ ಬಂದ ಕೂಡ್ಲೆ ತಲೆ ಬಟ್ಟೆ ಬಿಚ್ಚಿ, ಇದೇ ದಂಡೆ ಮೇಲೆ ಕೂತು ಫೋನ್ ನೋಡೂದು. ದಿನಾ ಒಂದು ತಾಸು. ಅವ್ಳಿಗೆ ಅದೊಂದೇ ಸುಖ.”

ಚೈತ್ರಕ್ಕ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದಳು.

“ಯಾರಾದ್ರೂ ಒಬ್ರು ಸ್ವಲ್ಪ ಕೆಳಗೆ ನೋಡು ಅಂದಿದ್ರೆ ಸಾಕಿತ್ತು ಅಕ್ಕೋರೆ” ಎಂದಳು. “ಓದೂಕೆ ಬರ್ತಿತ್ತು ಅಮ್ಮಂಗೆ.”